ಮೀಸಲು ಬೆಲ್ಲ

ವೀರಭದ್ರಮ್ಮನ ಮನೆಯಲ್ಲಿ ದೇವರಿಗೆ ಹೆದರದೆ ಓಡಾಡುತ್ತಿದ್ದದ್ದು ಬೆಕ್ಕು ಒಂದೇ. ಮನುಷ್ಯರಿಗೆ ಆ ಸವಲತ್ತು ಇರಲಿಲ್ಲ. ದೇವರ ಜಗಲಿಯ ಕಡೆ ಕಾಲು ಚಾಚಿ ಮಲಗಿದರೆ ಕಾಲು ಸೇದುತ್ತವೆ, ಸೋಮವಾರ ತಲೆಗೆ ಎಣ್ಣೆ ಹಚ್ಚಿದರೆ ಕಣ್ಣು ಮಂಜಾಗುತ್ತವೆ, ಪೂಜೆಗೆ ಮುಂಚೆ ಚಹಾ ಕುಡಿದರೆ ಹೊಟ್ಟೆ ಹಿಡಿಯುತ್ತದೆ. ಒಂದೊಂದು ತಪ್ಪಿಗೂ ಒಂದೊಂದು ಕಾಯಿಲೆ ಅವಳ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಮನೆದೇವರು ದೇವದುರ್ಗದ ಕಡೆಯ ಒಂದು ಸಣ್ಣ ಊರಿನ ವೀರಭದ್ರ. ಅವನ ಹೆಸರನ್ನೇ ಹೊತ್ತವಳಾದ್ದರಿಂದ ಅವನ ಸಿಟ್ಟು ತನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು ಎಂದು ಅವಳು ನಂಬಿದ್ದಳು.

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯ ಆ ಮನೆಯಲ್ಲಿ ಇದ್ದವರು ಐದು ಜನ. ಗಂಡ ಗಡಿಗೆಪ್ಪ ಮೂವತ್ತೈದು ವರ್ಷ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು, ಸೊಂಟ ಹಿಡಿದ ಮೇಲೆ ಹೊರಗಿನ ಕಟ್ಟೆಯ ಮೇಲೆ ಕುಳಿತವನು. ಮಗ ಮೌನೇಶ ಅದೇ ಗಿರಣಿಯಲ್ಲಿ ತೂಕ ಬರೆಯುತ್ತಿದ್ದ. ಸೊಸೆ ನಾಗರತ್ನಾ ಪೋತ್ನಾಳದ ಅಂಗನವಾಡಿ ಟೀಚರು. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಮೊಮ್ಮಗಳು ಅಂಬಿಗೆ ಒಂಬತ್ತು ವರ್ಷ.

ಕಾರ್ತಿಕದ ಕಡೆಯ ಸೋಮವಾರ ಆ ಮನೆಯಲ್ಲಿ ಮೀಸಲು. ಹೊಸ ಅಕ್ಕಿ, ಹೊಸ ಬೆಲ್ಲದ ಹುಗ್ಗಿ ಮಾಡಿ ದೇವರಿಗೆ ಕೊಟ್ಟು ಬರುವವರೆಗೂ ಆ ಅಕ್ಕಿಯನ್ನಾಗಲಿ ಬೆಲ್ಲವನ್ನಾಗಲಿ ಯಾರೂ ಬಾಯಿಗೆ ಇಡುವಂತಿಲ್ಲ. ಆ ವರ್ಷವೂ ವೀರಭದ್ರಮ್ಮ ಮಡಿಯಲ್ಲಿ ಹುಗ್ಗಿ ಮಾಡಿ, ಮುಚ್ಚಲು ಬಾಳೆ ಎಲೆ ತರಲೆಂದು ಹಿತ್ತಲಿಗೆ ಹೋದಳು. ತಿರುಗಿ ಬಂದಾಗ ಅಂಬಿ ಪಾತ್ರೆಯ ಮುಂದೆ ಕುಳಿತಿದ್ದಳು. ಬೆರಳು ಬಾಯಲ್ಲಿತ್ತು. ಹುಗ್ಗಿಯ ನಡುವೆ ಬೆರಳಿನಷ್ಟೇ ಒಂದು ಗುಳಿ ಬಿದ್ದಿತ್ತು.

"ದೇವರ ಬಾಯಿಗಿಂತ ಮೊದಲ ನಿನ್ನ ಬಾಯಿ ಬಂತೇನ ಬೇ?" ವೀರಭದ್ರಮ್ಮ ಬೆನ್ನಿಗೆ ಒಂದು ಬಾರಿಸಿದಳು. "ಆ ಸಿಹಿ ನಿನ್ನ ಮೈಯಾಗ ವಿಷ ಆಗ್ತದ, ನೋಡ್ತಿರು! ಅಂವ ಯಾರನ್ನ ಬಿಟ್ರೂ ನಿನ್ನ ಬಿಡಂಗಿಲ್ಲ!"

ಅಂಬಿ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಓಡಿದಳು. ಇನ್ನೊಂದು ಸಲ ಹುಗ್ಗಿ ಮಾಡಲು ಹೊತ್ತಿರಲಿಲ್ಲ. ದೇವದುರ್ಗದ ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು, ಮೌನೇಶ ಆಗಲೇ ಚಪ್ಪಲಿ ಮೆಟ್ಟಿ ನಿಂತು, "ಯವ್ವಾ, ಆತೇನು?" ಎಂದು ಕೂಗುತ್ತಿದ್ದ. ವೀರಭದ್ರಮ್ಮ ಒಂದು ಕ್ಷಣ ಯೋಚಿಸಿದಳು. ಆಮೇಲೆ ಸೌಟು ತೆಗೆದುಕೊಂಡು ಆ ಗುಳಿಯನ್ನು ಮೆಲ್ಲಗೆ ಸವರಿ ಮುಚ್ಚಿ, ಮೇಲೆ ಎಲೆ ಹಾಕಿ, ಬಟ್ಟೆ ಕಟ್ಟಿ, ಮಗನ ಕೈಗೆ ಕೊಟ್ಟಳು. ಎಂಜಲಾದ ಮೀಸಲು ದೇವರಿಗೆ ಹೋಯಿತು. ಅದು ಗೊತ್ತಿದ್ದವರು ಅಜ್ಜಿ, ಮೊಮ್ಮಗಳು ಇಬ್ಬರೇ.

ಎಂಟು ದಿನ ಕಳೆಯುವುದರೊಳಗೆ ಅಂಬಿ ಕೊಡಗಟ್ಟಲೆ ನೀರು ಕುಡಿಯಲು ಶುರು ಮಾಡಿದಳು. ಹಾಸಿಗೆ ಒದ್ದೆ ಮಾಡಿಕೊಂಡಳು. ರವಿಕೆ ತೋಳು ಸಡಿಲವಾಯಿತು. ಒಂದು ಮುಂಜಾನೆ ವಾಂತಿ ಮಾಡಿಕೊಂಡು ಏದುಸಿರು ಬಿಡುತ್ತ ಬಿದ್ದವಳನ್ನು ಮೌನೇಶ ರಾಯಚೂರಿಗೆ ಒಯ್ದ. ದೊಡ್ಡ ಆಸ್ಪತ್ರೆಯ ಡಾಕ್ಟರು ರಕ್ತ ನೋಡಿ ಹೇಳಿದರು: "ಸಕ್ಕರೆ ಕಾಯಿಲೆ. ಮೈಯಲ್ಲಿ ಇನ್ಸುಲಿನ್ ತಯಾರಾಗೋದು ನಿಂತಿದೆ. ದಿನಾ ಎರಡು ಸಲ ಸೂಜಿ ಬೇಕು, ಜೀವನಪೂರ್ತಿ."

"ಇಷ್ಟು ಸಣ್ಣ ಕೂಸಿಗ್ರಿ?" ಎಂದಳು ನಾಗರತ್ನಾ. "ನಾವೇನು ತಪ್ಪು ಮಾಡಿದ್ವಿರೀ ಡಾಕ್ಟರೇ?"

"ಸಿಹಿ ತಿಂದದ್ದಕ್ಕೆ ಬಂದದ್ದಲ್ಲ ತಾಯಿ. ಯಾರ ತಪ್ಪೂ ಅಲ್ಲ."

ಹಿಂದೆ ನಿಂತಿದ್ದ ವೀರಭದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿಹಿ ಮೈಯಲ್ಲಿ ವಿಷವಾಗಿದೆ! ತಾನು ಆಡಿದ ಮಾತು ಅಕ್ಷರ ತಪ್ಪದೆ ನಡೆದಿದೆ. ಡಾಕ್ಟರಿಗೆ ಏನು ಗೊತ್ತು? ಅವರು ರಕ್ತ ನೋಡಿದ್ದರು, ಹುಗ್ಗಿಯ ಗುಳಿ ನೋಡಿರಲಿಲ್ಲ.

ಮೊದಲ ಸೂಜಿಗೆ ಅಂಬಿ ಕಿರುಚಿದಳು. ನಾಹಿದ್ ಎನ್ನುವ ನರ್ಸ್, ಮೆತ್ತನೆಯ ಕೈಯವಳು, ಸಮಾಧಾನ ಮಾಡಿ ಆಚೆ ಹೋದಳು. ನಾಗರತ್ನಾ ಔಷಧ ತರಲು ಇಳಿದಿದ್ದಳು. ವೀರಭದ್ರಮ್ಮ ಹುಡುಗಿಯ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ಅಳಬ್ಯಾಡ ನನ್ನವ್ವಾ. ಶಿಕ್ಷಾ ಕೊಟ್ಟಾಗ ಅತ್ರ ದೇವರಿಗೆ ಇನ್ನೂ ಸಿಟ್ಟು ಬರ್ತದ, ಇನ್ನೂ ಜಾಸ್ತಿ ಕೊಡ್ತಾನ. ಸುಮ್ಮನ ತಗೋ. ತಪ್ಪುಗಾಣಿಕಿ ಹಾಕ್ತೀನಿ, ಕಮ್ಮಿ ಮಾಡ್ತಾನ."

ಪ್ರೀತಿಯಿಂದಲೇ ಹೇಳಿದ್ದಳು. ಹುಡುಗಿ ತಲೆ ಆಡಿಸಿದಳು. ಅಂದಿನಿಂದ ಸೂಜಿ ಚುಚ್ಚಿದರೆ ಅಂಬಿ ಕಣ್ಣು ಮುಚ್ಚಿ, ತುಟಿ ಕಚ್ಚಿ ಕೂರುತ್ತಿದ್ದಳು. ವಾರ್ಡಿನವರೆಲ್ಲ "ಎಷ್ಟು ಧೈರ್ಯದ ಹುಡುಗಿ" ಎಂದು ಹೊಗಳಿದರು.

ಮನೆಗೆ ಬಂದ ಮೇಲೆ ನಾಗರತ್ನಾ ಮಾಡಿದ ಮೊದಲ ಕೆಲಸ ಅಡುಗೆಮನೆಯ ಸಕ್ಕರೆ, ಬೆಲ್ಲ, ಬಿಸ್ಕತ್ತು ಎಲ್ಲ ಕಟ್ಟಿ ಅಂಗನವಾಡಿಗೆ ಒಯ್ದದ್ದು. ಗಡಿಗೆಪ್ಪನ ಚಹಾ ಕೂಡ ಸಪ್ಪೆಯಾಯಿತು. ಒಂದು ಡಬ್ಬಿ ಗ್ಲೂಕೋಸ್ ಪುಡಿಯನ್ನು ಮಾತ್ರ ಗೂಡಿನಲ್ಲಿಟ್ಟು, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಳು.

"ಸೂಜಿ ಹಾಕಿದ ಮ್ಯಾಲ ಹೊತ್ತಿಗೆ ಸರಿಯಾಗಿ ಉಣ್ಣಬೇಕ್ರಿ ಅತ್ತಿ. ಉಣಲಿಲ್ಲಂದ್ರ ಸಕ್ರಿ ಒಮ್ಮಿಗಿಲೇ ಇಳೀತದ. ಮೈ ಬೆವರ್ತದ, ಕೈ ನಡುಗ್ತಾವ, ಏನೇನೋ ಮಾತಾಡ್ತಾಳ. ಆವಾಗ ಮೊದಲ ಬಾಯಾಗ ಗ್ಲೂಕೋಸ್ ಹಾಕ್ರಿ, ಆಮ್ಯಾಲ ನನಗ ಫೋನ್ ಮಾಡ್ರಿ. ತಡಾ ಮಾಡಿದ್ರ ಜೀವಕ್ಕ ಕುತ್ತು."

"ಸಕ್ರಿ ಕಾಯಿಲಿಗೆ ಸಕ್ರಿ ಹಾಕಬೇಕಾ?"

"ಹೂಂ ಅಂದೆನಲ್ರೀ!"

ನಾಗರತ್ನಾ ಈಗೀಗ ಎಲ್ಲದಕ್ಕೂ ಸಿಡುಕುತ್ತಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಸುಮ್ಮನೆ ಅಳುತ್ತಿದ್ದಳು. ಒಂದು ದಿನ ಗಂಡನ ಮುಂದೆ ಹೇಳಿಕೊಂಡಳು: "ಆಕಿ ಎಳೆಗೂಸು ಇದ್ದಾಗ ನನಗ ಹಾಲು ಸಾಲಲಿಲ್ಲ, ಡಬ್ಬಿ ಹಾಲು ಹಾಕಿದೆ. ಅದಕ್ಕ ಹಿಂಗಾತೇನೋ." ಮೌನೇಶ, "ಅಲ್ಲ ಬಿಡು, ಡಾಕ್ಟರು ಹೇಳಿಲ್ಲೇನು?" ಎಂದು ಗಿರಣಿಗೆ ನಡೆದ. ಪಕ್ಕದಲ್ಲೇ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದ ವೀರಭದ್ರಮ್ಮ ತಲೆ ಎತ್ತಲಿಲ್ಲ. ಒಂದು ಮಾತು ಸಾಕಿತ್ತು. ಹುಣಸೆಬೀಜಗಳನ್ನು ಒಂದೊಂದಾಗಿ ಬೇರೆ ತೆಗೆದಿಟ್ಟಳು.

ಅವಳಿಗೆ ಗೊತ್ತಿದ್ದ ಪರಿಹಾರ ಒಂದೇ. ಎರಡು ಸೇರು ಅಕ್ಕಿ, ಗಟ್ಟಿ ಉಂಡೆಯ ಒಂದು ಪೆಂಟಿ ಬೆಲ್ಲ ತಂದು ಅರಿಶಿಣದ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಜಗಲಿಯ ಮೇಲೆ ಇಟ್ಟಳು. ಅದು ತಪ್ಪುಗಾಣಿಕೆ. ಎಳ್ಳಮಾವಾಸ್ಯೆಯ ದಿನ ಹುಡುಗಿಯನ್ನು ಕರೆದುಕೊಂಡು ಹೋಗಿ ವೀರಭದ್ರನ ಮುಂದೆ ಅದನ್ನು ಸುರಿದು, ಕೆನ್ನೆ ಬಡಿದುಕೊಂಡು ಬರಬೇಕು. ನಾಗರತ್ನಾ ನೋಡಿ ಉರಿದುಬಿದ್ದಳು.

"ಏನ್ರಿ ಅತ್ತಿ ಇದು? ಮನ್ಯಾಗ ಬೆಲ್ಲ ಇಡಬ್ಯಾಡ್ರಿ ಅಂದೀನಿಲ್ಲ?"

"ಅದು ಮನೀದಲ್ಲ, ದೇವರದು. ಯಾರೂ ಮುಟ್ಟಂಗಿಲ್ಲ. ಕಾಣಿಕಿ ಹಾಕಿ ಬಂದ್ರ ಸೂಜಿ ತಪ್ತದ."

"ಸೂಜಿ ತಪ್ಪಿದ್ರ ಕೂಸು ಸಾಯ್ತದ! ಆ ಬಸ್ಸಿನಾಗ ಆಕಿನ್ನ ನಾ ಕಳಸಂಗಿಲ್ಲ. ಅಲ್ರೀ, ತಪ್ಪುಗಾಣಿಕಿ ಅಂತೀರಿ. ಯಾರ ತಪ್ಪು? ನಂದಾ? ಹೇಳ್ರಿ, ಯಾರ ತಪ್ಪು?"

ವೀರಭದ್ರಮ್ಮ ಜಗಲಿಯ ದೀಪದ ಬತ್ತಿ ಸರಿ ಮಾಡಿದಳು. ಉರಿಯುತ್ತಿದ್ದ ದೀಪಕ್ಕೆ ಸರಿ ಮಾಡುವಂಥದ್ದು ಏನೂ ಇರಲಿಲ್ಲ.

ಕಟ್ಟೆಯ ಮೇಲಿಂದ ಗಡಿಗೆಪ್ಪ ಕೂಗಿದ: "ಲೇ, ನಾ ಮೂವತ್ತೈದು ವರ್ಷ ಗಿರಣ್ಯಾಗ ದುಡಿದೀನಿ. ಚೀಲ ಹರಿದು ಅಕ್ಕಿ ಚೆಲ್ಲಿದ್ರ ಮಾಲಕ ಬೈತಿದ್ದ. ನಮ್ಮ ಹುಡುಗ್ರು ಬೊಗಸಿ ತುಂಬ ಆರಿಸ್ಕೊಂಡು ತಿಂದ್ರ ಅಂವನೂ ನೋಡಿ ನೋಡದಂಗ ಹೋಗ್ತಿದ್ದ. ಕೂಸಿನ ಮ್ಯಾಲ ಸಿಟ್ಟು ತೀರಿಸ್ಕೊಳ್ಳೋ ಮಾಲಕನ್ನ ನಾ ಕಂಡಿಲ್ಲ. ನಿನ್ನ ವೀರಭದ್ರ ಆ ಗಿರಣಿ ಸಾವಕಾರನಕಿಂತ ಕಡಿಮಿ ಆದನೇನು?"

"ಬಾಯಿಗೆ ಬಂದಂಗ ಅನಬ್ಯಾಡ್ರಿ! ಕೇಳಿಸ್ಕೊಳ್ತಾನ!"

"ಕೇಳಿಸ್ಕೊಳ್ಳಲಿ ಅಂತನಾ ಜೋರಾಗಿ ಅಂದದ್ದು."

ಗಂಡನಿಗೆ ಏನೂ ಗೊತ್ತಿಲ್ಲ, ಬಾಯಿ ಚಪಲಕ್ಕೆ ಆಡಿದ ಮಾತು. ಆದರೂ ಅದು ಅವಳ ಎದೆಗೆ ಮುಳ್ಳಿನಂತೆ ಚುಚ್ಚಿತು. ಅಂಬಿ ಒಳಗಿನ ಬಾಗಿಲಿಗೆ ಒರಗಿ ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದಳು.

ಸೋಮವಾರ ಬಂತು. ವೀರಭದ್ರಮ್ಮನಿಗೆ ಸೋಮವಾರ ಒಪ್ಪತ್ತು. ದೀಪ ಹಚ್ಚುವವರೆಗೆ ಏನೂ ತಿನ್ನುವುದಿಲ್ಲ. ಕಾಯಿಲೆ ಬಂದಾಗಿನಿಂದ ಅಂಬಿಯನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ನಾಗರತ್ನಾ ಮಗಳಿಗೆ ಸೂಜಿ ಹಾಕಿ, ಉಪ್ಪಿಟ್ಟು ತಿನ್ನಿಸಿ, ಮಧ್ಯಾಹ್ನದ ರೊಟ್ಟಿ ಪಲ್ಯ ಮುಚ್ಚಿಟ್ಟು ಬಸ್ಸಿಗೆ ಹೋದಳು. ಒಂದು ಗಂಟೆಗೆ ಅಂಬಿ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು, ಖಾಲಿ ತಟ್ಟೆ ತಂದು ತೊಳೆದಿಟ್ಟಳು.

"ಉಂಡೇನವ್ವಾ?"

"ಉಂಡೆ."

ಎರಡೂವರೆಯ ಹೊತ್ತಿಗೆ ವೀರಭದ್ರಮ್ಮ ಅಕ್ಕಿ ಆರಿಸುತ್ತಿದ್ದಾಗ ಹುಡುಗಿ ಗೋಡೆಗೆ ಆತು ಕುಳಿತು ತನ್ನಷ್ಟಕ್ಕೆ ಏನೋ ಗೊಣಗುವುದು ಕೇಳಿತು. ಹೋಗಿ ನೋಡಿದರೆ ಹಣೆ, ಕತ್ತು ಎಲ್ಲ ಬೆವರು. ಕೈ ಮುಟ್ಟಿದರೆ ತಣ್ಣಗೆ, ಬೆರಳುಗಳು ಪಟಪಟ ನಡುಗುತ್ತಿದ್ದವು.

ಸೊಸೆ ಹೇಳಿಕೊಟ್ಟದ್ದು ನೆನಪಾಯಿತು. ಓಡಿಹೋಗಿ ಗೂಡಿನ ಡಬ್ಬಿ ತೆಗೆದಳು. ಡಬ್ಬಿ ಹಗುರಾಗಿತ್ತು. ತೆರೆದರೆ ತಳದಲ್ಲಿ ಒಂದು ಚಿಟಿಕೆಯೂ ಇರಲಿಲ್ಲ.

"ಇದರಾಗಿಂದು ಎಲ್ಲಿ ಹೋತು ಅಂಬಿ? ತಿಂದೇನು?"

"ಇಲ್ಲ... ಇರಿವಿಗೆ ಹಾಕಿದೆ." ಮಾತು ತೊದಲುತ್ತಿತ್ತು. "ಇರಿವಿಗೆ ಸಕ್ರಿ ಹಾಕಿದ್ರ ಪಾಪ ಕಮ್ಮಿ ಆಗ್ತದಂತ... ನೀನೇ ಹೇಳಿದ್ದಿಲ್ಲ... ದಿನಾ ಹಾಕಿದೆ."

"ಮತ್ತ ರೊಟ್ಟಿ?"

"ನಾಯಿಗೆ. ನಾನೂ ಸೋಮವಾರ ಹಿಡಿದೀನಿ. ಹ್ವಾದ ವಾರನೂ ಹಿಡಿದಿದ್ದೆ."

ವೀರಭದ್ರಮ್ಮ ಬಾಗಿಲಿಗೆ ಓಡಿದಳು. ಕಟ್ಟೆ ಖಾಲಿ, ಗಡಿಗೆಪ್ಪ ಸಿಹಿ ಚಹಾ ಕುಡಿಯಲು ಹೋಟೆಲಿಗೆ ಹೋಗಿದ್ದ. ಪಕ್ಕದ ಜೈಬುನ್ನೀಸಾಳ ಮನೆಗೆ ಬೀಗ. ಎದುರಿನ ಮನೆಯ ಬಾಗಿಲು ಬಡಿದರೆ ಯಾರೂ ಓಗೊಡಲಿಲ್ಲ. ಅಂಗಡಿ ಇದ್ದದ್ದು ಓಣಿಯ ತುದಿಯಲ್ಲಿ. ಮೊಣಕಾಲು ಹಿಡಿದ ಮುದುಕಿ ಹೋಗಿ ಬರುವುದರೊಳಗೆ ಏನಾದರೂ ಆದರೆ? ಒಳಗೆ ಬಂದಳು. ಹುಡುಗಿಯ ತಲೆ ಒಂದು ಕಡೆಗೆ ವಾಲಿತ್ತು.

ಆ ಮನೆಯಲ್ಲಿ ಸಿಹಿ ಎನ್ನುವುದು ಇದ್ದದ್ದು ಒಂದೇ ಜಾಗದಲ್ಲಿ.

ಜಗಲಿಯ ಮುಂದೆ ಹೋಗಿ ನಿಂತಳು. ಅರವತ್ತಾರು ವರ್ಷದಲ್ಲಿ ಒಂದು ಸಲವೂ ಕಟ್ಟಿದ ಮೀಸಲು ಬಿಚ್ಚಿದವಳಲ್ಲ. ಗಂಟು ಬಿಗಿಯಾಗಿತ್ತು, ಉಗುರಿಗೆ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಅಕ್ಕಿ ನೆಲದ ತುಂಬ ಚೆಲ್ಲಿತು. ಪೆಂಟಿಯನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯ ಕಲ್ಲಿಗೇ ಬಡಿದಳು. ಒಂದು ಸಲ, ಎರಡು ಸಲ, ಮೂರನೆಯದಕ್ಕೆ ಒಡೆಯಿತು.

ತೊಡೆಯ ಮೇಲೆ ಹುಡುಗಿಯ ತಲೆ ಇಟ್ಟುಕೊಂಡು ಬೆಲ್ಲದ ಪುಡಿ ತುಟಿಗೆ ಒತ್ತಿದಳು. ಅಂಬಿ ಹಲ್ಲು ಕಚ್ಚಿಕೊಂಡಳು.

"ಬಾಯಿ ತೆಗಿ ನನ್ನವ್ವಾ."

"ಬ್ಯಾಡ... ಅದು ದೇವರದು. ಇನ್ನೊಂದು ರೋಗ ಕೊಡ್ತಾನ."

"ಕೊಡಂಗಿಲ್ಲ, ತೆಗಿ."

"ಕೊಡ್ತಾನ... ಬೆರಳು ಇಟ್ಟಿದ್ದಕ್ಕನಾ ಕೊಟ್ಟಾನ."

ವೀರಭದ್ರಮ್ಮ ಒಂದು ತುಂಡು ತನ್ನ ಬಾಯಿಗೆ ಹಾಕಿಕೊಂಡು ಕಟಕಟ ಅಗಿದಳು. "ನೋಡು. ನಾ ತಿಂದೆ. ಮೊದಲ ನಾ ತಿಂದೀನಿ. ಕೊಡೋದಿದ್ರ ನನಗ ಕೊಡ್ತಾನ."

"ನಿನ್ನ ಬಿಡ್ತಾನ," ಎಂದಳು ಅಂಬಿ, ಕಣ್ಣು ಮುಚ್ಚಿಯೇ. "ಯಾರನ್ನ ಬಿಟ್ರೂ ನನ್ನ ಬಿಡಂಗಿಲ್ಲ ಅಂದಿದ್ದಿ."

ತನ್ನ ಮಾತು ತನಗೇ ವಾಪಸು ಬಂದಾಗ ಮುದುಕಿ ಚೀರಿಬಿಟ್ಟಳು. "ಅಂವ ಅಂದಿಲ್ಲ ಬೇ! ನಾ ಅಂದದ್ದು! ಸಿಟ್ಟಿನಾಗ ನಾ ಅಂದದ್ದು, ಅಂವಗೇನೂ ಗೊತ್ತಿಲ್ಲ! ನನ್ನ ಬಾಯಿ ಸುಡಲಿ, ಸುಳ್ಳು ಹೇಳಿದ್ದೆ. ಬಾಯಿ ತೆಗಿಯೇ ತಾಯಿ, ನಿನ್ನ ಕಾಲು ಬೀಳ್ತೀನಿ!"

ಹುಡುಗಿಯ ದವಡೆ ಸ್ವಲ್ಪ ಸಡಿಲವಾಯಿತು. ಮಾತು ತಲುಪಿತೋ, ಶಕ್ತಿ ಕುಂದಿತೋ ಯಾರಿಗೆ ಗೊತ್ತು. ವೀರಭದ್ರಮ್ಮ ಬೆಲ್ಲದ ಪುಡಿಯನ್ನು ಕೆನ್ನೆಯ ಒಳಗೆ ತಿಕ್ಕಿದಳು. ನಾಲಿಗೆ ಅಲುಗಿತು. ಇನ್ನೊಂದು ಚಿಟಿಕೆ, ಮತ್ತೊಂದು. ನುಂಗುವುದು ಕಂಡಮೇಲೆ ಸಣ್ಣ ತುಂಡು. ಹತ್ತು ಹದಿನೈದು ನಿಮಿಷಕ್ಕೆ ಬೆವರು ಆರಿತು. ಅಂಬಿ ಕಣ್ಣು ಬಿಟ್ಟು, "ಯವ್ವಾ, ಹೊಟ್ಟಿ ಹಸದದ" ಎಂದಳು. ಆಗ ಸೊಸೆಗೆ ಫೋನ್ ಮಾಡಲು ಹೋದ ವೀರಭದ್ರಮ್ಮನಿಗೆ ಅಂಟು ಬೆರಳಿನಲ್ಲಿ ಗುಂಡಿ ಒತ್ತಲು ಬರಲಿಲ್ಲ, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು.

ನಾಗರತ್ನಾ ಬಸ್ಸಿಗೆ ಕಾಯದೆ ಯಾರದೋ ಆಟೋ ಹಿಡಿದು ಬಂದಳು. ಮೌನೇಶನೂ ಓಡಿಬಂದ. ಅಷ್ಟರಲ್ಲಿ ಅಂಬಿ ಅಜ್ಜನ ಪಕ್ಕ ಕುಳಿತು ರೊಟ್ಟಿ ಉಣ್ಣುತ್ತಿದ್ದಳು. ನೆಲದ ಮೇಲಿನ ಅಕ್ಕಿ, ಜಗಲಿಯ ಮೇಲಿನ ಬೆಲ್ಲದ ಚೂರು ಇನ್ನೂ ಹಾಗೇ ಇದ್ದವು.

ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ವೀರಭದ್ರಮ್ಮ ತಟ್ಟೆ ಮುಟ್ಟಲಿಲ್ಲ. ಹುಗ್ಗಿಯ ಗುಳಿಯಿಂದ ಆಸ್ಪತ್ರೆಯ ಪಿಸುಮಾತಿನವರೆಗೆ ಎಲ್ಲ ಹೇಳಿದಳು, ಏನನ್ನೂ ಬಿಡಲಿಲ್ಲ. ಸೌಟಿನಿಂದ ಸವರಿದ್ದನ್ನೂ ಹೇಳಿದಳು. ಮೌನೇಶ ಎದ್ದು ಹೊರಗೆ ಹೋದ.

ನಾಗರತ್ನಾ ಮಗಳ ಬಾಯಿ ಒರೆಸಿದಳು. ಆಮೇಲೆ ದನಿ ಏರಿಸದೆ ಕೇಳಿದಳು: "ಎರಡು ವಾರ ನಾ ಒಲಿ ಮುಂದ ಕುಂತು ಅತ್ತೀನಿ. ನನ್ನ ಹಾಲು ಸಾಲಲಿಲ್ಲ, ಅದಕ್ಕ ಹಿಂಗಾತು ಅಂತ. ನೀವು ಬಾಜೂಕ ಕುಂತು ನೋಡಿದ್ರಿ. ನೋಡಿದ್ರಿಲ್ಲ ಅತ್ತಿ?"

"ನೋಡಿದೆ."

"ಯಾರ ತಪ್ಪು ಅಂತ ಕೇಳಿದೆ."

"ನಂದು, ನಾಗೂ. ರೋಗ ಯಾರು ಕೊಟ್ರೋ ನನಗ ಗೊತ್ತಿಲ್ಲ. ಆ ಕೂಸಿಗೆ ಹೆದರಿಕಿ ಕೊಟ್ಟಾಕಿ ನಾನು."

"ನನ್ನ ಕೂಡ ಮಾತಾಡಬ್ಯಾಡ್ರಿ," ಎಂದು ನಾಗರತ್ನಾ ತಟ್ಟೆ ಎತ್ತಿಕೊಂಡು ಹೋದಳು. ಹೇಳಿದಂತೆಯೇ ಮಾಡಿದಳು. ಮರುದಿನದಿಂದ ಅತ್ತೆಗೆ ಹೇಳಬೇಕಾದದ್ದನ್ನೆಲ್ಲ ಗೋಡೆಗೆ, ಬೆಕ್ಕಿಗೆ, ಮಾವನಿಗೆ ಹೇಳಿದಳು. ಗ್ಲೂಕೋಸ್ ಡಬ್ಬಿಗಳು ಮನೆಯ ಮೂರು ಜಾಗಕ್ಕೆ ಬಂದವು. ಮಧ್ಯಾಹ್ನ ಅಂಬಿಯ ಊಟದ ಹೊತ್ತಿಗೆ ಪೋತ್ನಾಳದಿಂದ ಗಡಿಗೆಪ್ಪನಿಗೆ ಫೋನ್ ಬರುತ್ತಿತ್ತು. ವೀರಭದ್ರಮ್ಮನಿಗೆ ಇದು ಹೀಗೆ ಆಗಬೇಕಾದದ್ದೇ ಎನಿಸಿತು.

ಅಂಬಿಗೆ ಮಾತ್ರ ಬೇರೆಯೇ ಚಿಂತೆ. ಪ್ರತಿದಿನ ಎದ್ದ ಕೂಡಲೆ ಅಜ್ಜಿಯ ಹತ್ತಿರ ಬಂದು ಪರೀಕ್ಷೆ ಮಾಡುತ್ತಿದ್ದಳು.

"ಕಣ್ಣು ಕಾಣಸ್ತಾವೇನು ಯವ್ವಾ?"

"ಕಾಣಸ್ತಾವ."

"ಕಾಲು ಸೇದ್ಯಾವೇನು? ನಾಲಿಗಿ ತೋರಸು."

ಮುದುಕಿ ನಾಲಿಗೆ ತೋರಿಸುತ್ತಿದ್ದಳು. ಮೀಸಲು ಬೆಲ್ಲ ತಿಂದ ನಾಲಿಗೆ ಇದ್ದ ಹಾಗೇ ಇತ್ತು. ಹೊರಗೆ ನಕ್ಕರೂ ಅವಳಿಗೂ ಒಳಗೆ ಅಳುಕು ಇದ್ದೇ ಇತ್ತು. ಅರವತ್ತಾರು ವರ್ಷದ ಹೆದರಿಕೆ ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ. ಆದರೆ ದೀಪ ಹಚ್ಚುವಾಗ ಒಂದು ಮಾತು ಮಾತ್ರ ಕೇಳಿಯೇಬಿಟ್ಟಳು: ಬೆರಳು ಅದ್ದಿದ ಕೂಸಿಗೆ ಸೂಜಿ, ಎಂಜಲು ಮುಚ್ಚಿಟ್ಟು ನಿನಗೇ ಉಣಿಸಿದವಳಿಗೆ ಏನೂ ಇಲ್ಲ, ಇದ್ಯಾವ ನ್ಯಾಯನಪ್ಪಾ? ಹಾಗೆ ನೀನು ಮಾಡಿದ್ದಾದರೆ ನಿನಗೆ ಕೈ ಮುಗಿಯಲು ನನಗೆ ಮನಸ್ಸಿಲ್ಲ. ನೀನು ಮಾಡಿಲ್ಲವಾದರೆ, ನಿನ್ನ ಹೆಸರು ಕೆಡಿಸಿದವಳು ನಾನೇ. ಕೇಳಿದ್ದಕ್ಕೆ ಮನೆಯ ಜಂತಿಯೇನೂ ಬೀಳಲಿಲ್ಲ.

ಎಳ್ಳಮಾವಾಸ್ಯೆ ಬಂತು. ಮೌನೇಶ, "ದೇವದುರ್ಗಕ್ಕ ಹೋಗೂದದ ಏನ ಯವ್ವಾ?" ಎಂದು ಕೇಳಿದ. "ಹೋಗಂಗಿಲ್ಲ," ಎಂದಳು. ಉಳಿದ ಬೆಲ್ಲವನ್ನು ಸಣ್ಣಗೆ ಕುಟ್ಟಿ ಖಾಲಿ ಡಬ್ಬಿಗೆ ತುಂಬಿ, ಅಂಬಿಯ ಕೈಗೆ ಎಟುಕುವಂತೆ ಜಗಲಿಯ ಮೇಲೆ, ದೇವರ ಬಲಗಡೆಗೆ ಇಟ್ಟಳು.

ಮತ್ತೆ ಸೋಮವಾರ. ಸಂಜೆ ನಾಗರತ್ನಾ ಸೂಜಿ ಸಿದ್ಧ ಮಾಡಿಕೊಂಡು ಮಗಳ ಮುಂದೆ ಕುಳಿತಳು. ಅಂಬಿ ರೂಢಿಯಂತೆ ಕಣ್ಣು ಮುಚ್ಚಲಿಲ್ಲ. ಒಮ್ಮೆ ಅಜ್ಜಿಯ ಕಡೆ ನೋಡಿದಳು, ಒಮ್ಮೆ ಜಗಲಿಯ ಕಡೆ ನೋಡಿದಳು. ಸೂಜಿ ಚುಚ್ಚಿತು. ಹುಡುಗಿ ಓಣಿಗೆಲ್ಲ ಕೇಳುವಂತೆ ಕಿರುಚಿದಳು.

"ಏನಾತು? ಏನಾತವ್ವಾ?" ನಾಗರತ್ನಾ ಗಾಬರಿಯಾದಳು.

"ನೋಯ್ತದ!"

"ಇಷ್ಟು ದಿನ ನೋಯ್ತಿದ್ದಿಲ್ಲಲ್ಲ?"

"ದಿನಾ ನೋಯ್ತಿತ್ತು," ಎಂದಳು ಅಂಬಿ ಬಿಕ್ಕುತ್ತ. "ಅಳಬಾರ್ದು ಅಂತ ಸುಮ್ಮನಿದ್ದೆ."

ಹೊರಗಿನ ಕಟ್ಟೆಯಲ್ಲಿ ಗಡಿಗೆಪ್ಪ ಕೆಮ್ಮಿದ. ವೀರಭದ್ರಮ್ಮ ಗೋಡೆ ಹಿಡಿದು ಎದ್ದು ಬಂದು ಹುಡುಗಿಯನ್ನು ಎದೆಗೆ ಒತ್ತಿಕೊಂಡಳು. "ಅಳು ನನ್ನವ್ವಾ. ಎಷ್ಟು ಬೇಕೋ ಅಷ್ಟು ಅಳು. ಯಾರೂ ಏನೂ ಮಾಡಂಗಿಲ್ಲ," ಎಂದಳು. ಅಂಬಿ ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಮುದುಕಿಯೂ ಅತ್ತಳು.

ನಾಗರತ್ನಾ ಸೂಜಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಇಬ್ಬರನ್ನೂ ನೋಡಿದಳು. ಮಗಳ ತೊಡೆಯ ಮೇಲೆ ರಕ್ತದ ಸಣ್ಣ ಹನಿ ಮೂಡಿತ್ತು.

"ಅತ್ತಿ," ಎಂದಳು, ಎಂಟು ದಿನದಲ್ಲಿ ಮೊದಲ ಸಲ. "ಕಾಟನ್ ಕೊಡ್ರಿ ಇಲ್ಲಿ."